ಕಂದು ಕಾಗದದ ಮೇಲಿನ ಆಂಡ್ರೊಮಾಕಿ

ಸೀಮೆಸುಣ್ಣ ಎಂದೊಡನೆ ನಮಗೆ ನೆನಪಾಗುವುದು ಶಾಲೆಯ ಕರಿಹಲಗೆ, ಮೇಷ್ಟರ ಕೋಟಿನ ತೋಳಿಗೆ ಮೆತ್ತಿಕೊಂಡ ಬಿಳಿಯ ಪುಡಿ. ಸೀಮೆಎಣ್ಣೆ, ಸೀಮೆಹುಣಿಸೆ, ಸೀಮೆಬದನೆ—ಹಡಗಿನಿಂದ ಇಳಿದದ್ದಕ್ಕೆಲ್ಲ ನಮ್ಮ ಹಿರಿಯರು ‘ಸೀಮೆ’ಯ ಮುದ್ರೆಯೊತ್ತಿ ಮನೆಯೊಳಗೆ ಬಿಟ್ಟುಕೊಂಡರು, ಸುಣ್ಣದ ಕಡ್ಡಿಯೂ ಹಾಗೆ ಬಂದದ್ದೇ. ಆದರೆ ಆ ಸೀಮೆಯಲ್ಲಿ ಈ ಕಡ್ಡಿಗೆ ಪಾಠಶಾಲೆಯ ಹೊರಗೆ ಇನ್ನೊಂದು ಬಾಳಿತ್ತು. ನೆಲದಿಂದ ಅಗೆದು ತೆಗೆದ ಮೆತ್ತನೆಯ ಕಪ್ಪು ಕಲ್ಲು, ಕಾವಿಯ ಕಲ್ಲು, ಬಿಳಿಯ ಸುಣ್ಣಗಲ್ಲು—ಇವನ್ನು ಕಡ್ಡಿಗಳಾಗಿ ಕೊಯ್ದುಕೊಂಡು ಯೂರೋಪಿನ ಚಿತ್ರಕಾರರು ಶತಮಾನಗಳಿಂದ ತಮ್ಮ ದೊಡ್ಡ ಚಿತ್ರಗಳ ಕರಡನ್ನು ಬರೆದುಕೊಳ್ಳುತ್ತ ಬಂದಿದ್ದರು.

ಕವಿಯ ಕರಡುಪ್ರತಿಯನ್ನು ನೋಡಬೇಕೆಂಬ ಚಪಲ ಕಾವ್ಯಪ್ರಿಯರಿಗೆಲ್ಲ ಉಂಟು. ಅಚ್ಚಾದ ಪದ್ಯದಲ್ಲಿ ಸಿಗದ ಏನೋ ಒಂದು ಹೊಡೆದುಹಾಕಿದ ಸಾಲಿನಲ್ಲಿ ಸಿಕ್ಕೀತು ಎಂಬ ಆಸೆ. ಚಿತ್ರಕಾರರ ಕರಡುಗಳ ವಿಷಯದಲ್ಲಿ ನನಗೂ ಅಂಥದೇ ಚಪಲ ಅಂಟಿಕೊಂಡು ಬಹಳ ಕಾಲವಾಯಿತು. ಎಣ್ಣೆಬಣ್ಣದ ಭಾರಿ ಚಿತ್ರದ ಮುಂದೆ ಕೈಕಟ್ಟಿ ನಿಂತು ಮೆಚ್ಚುವುದಕ್ಕಿಂತ, ಅದಕ್ಕೆ ಮುಂಚೆ ಆತ ಕಾಗದದ ಮೇಲೆ ತಡಕಾಡಿದ್ದನ್ನು ನೋಡುವುದರಲ್ಲಿ ನನಗೆ ಹೆಚ್ಚು ಸುಖ. ಇಂದು ಹೇಳಹೊರಟಿರುವುದು ಅಂಥ ಕೆಲವು ಕರಡುಗಳ ಕಥೆ. ವಿಕ್ಟೋರಿಯ ರಾಣಿಯ ಕಾಲದ ಸುಪ್ರಸಿದ್ಧ ಚಿತ್ರಕಾರ ಫ್ರೆಡರಿಕ್ ಲೇಟನ್, 1888ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ‘ಸೆರೆಯಾದ ಆಂಡ್ರೊಮಾಕಿ’ ಎಂಬ ಚಿತ್ರವನ್ನು ಪ್ರದರ್ಶಿಸಿದ. ಅದಕ್ಕಾಗಿ ಕಂದು ಕಾಗದದ ಮೇಲೆ ಕಪ್ಪು ಬಿಳಿ ಸೀಮೆಸುಣ್ಣಗಳಲ್ಲಿ ಅವನು ಬರೆದುಕೊಂಡ ಹಾಳೆಗಳ ಮಾತು ಇದು.

ಮೊದಲು ಕಥೆ. ಗ್ರೀಕರ ಐತಿಹ್ಯಗಳು ನಮಗೆ ತೀರ ಹೊಸವಲ್ಲ, ಬಿ. ಎಂ. ಶ್ರೀಯವರು ‘ಅಶ್ವತ್ಥಾಮನ್’, ‘ಪಾರಸಿಕರು’ ನಾಟಕಗಳ ಮೂಲಕ ಆ ಲೋಕದ ಬಾಗಿಲನ್ನು ಕನ್ನಡಿಗರಿಗೆ ತೆರೆದಿಟ್ಟವರು. ಆದರೂ ಹೋಮರನ ‘ಇಲಿಯಡ್’ ಕಾವ್ಯದ ಆರನೆಯ ಸರ್ಗದಲ್ಲಿ ಬರುವ ಬೀಳ್ಕೊಡುಗೆಯ ಪ್ರಸಂಗವನ್ನು ಇಲ್ಲಿ ಸ್ವಲ್ಪ ನೆನೆಯಬೇಕು. ಟ್ರಾಯ್ ನಗರದ ಯುವರಾಜ ಹೆಕ್ಟರ್ ಯುದ್ಧಕ್ಕೆ ಹೊರಟಿದ್ದಾನೆ. ಕೋಟೆಯ ಬಾಗಿಲ ಬಳಿ ಹೆಂಡತಿ ಆಂಡ್ರೊಮಾಕಿ ಎದುರಾಗುತ್ತಾಳೆ. ದಾದಿಯ ಕಂಕುಳಲ್ಲಿ ಹಸುಗೂಸು. ಅವಳಿಗೆ ತವರೆಂಬುದೇ ಉಳಿದಿಲ್ಲ. ತಂದೆಯನ್ನೂ ಏಳು ಮಂದಿ ಅಣ್ಣತಮ್ಮಂದಿರನ್ನೂ ಗ್ರೀಕರ ವೀರ ಅಕಿಲೀಸ್ ಕೊಂದುಹಾಕಿದ್ದಾನೆ. ಇನ್ನು ತಂದೆ, ತಾಯಿ, ಅಣ್ಣ, ಗಂಡ ಎಲ್ಲವೂ ನೀನೇ, ಹೋಗಬೇಡ, ಎಂದು ಬೇಡುತ್ತಾಳೆ. ಅಪ್ಪನ ಶಿರಸ್ತ್ರಾಣದ ಮೇಲೆ ಕುದುರೆಗೂದಲ ತುರಾಯಿ ಅಲ್ಲಾಡುವುದನ್ನು ಕಂಡು ಮಗು ಬೆದರಿ ಕಿರಿಚುತ್ತದೆ. ಗಂಡಹೆಂಡಿರು ಅಳುವಿನ ನಡುವೆಯೂ ನಕ್ಕುಬಿಡುತ್ತಾರೆ. ಹೆಕ್ಟರ್ ಶಿರಸ್ತ್ರಾಣವನ್ನು ತೆಗೆದು ನೆಲದ ಮೇಲಿಟ್ಟು ಮಗುವನ್ನೆತ್ತಿ ಮುದ್ದಿಸುತ್ತಾನೆ. ಮೂರು ಸಾವಿರ ವರ್ಷದ ಯುದ್ಧಕಾವ್ಯವೊಂದರಲ್ಲಿ ಈ ನಗು ಉಳಿದು ಬಂದಿದೆಯೆಂಬುದೇ ಒಂದು ವಿಸ್ಮಯ.

ಅದಕ್ಕೆ ಮೊದಲು ಹೆಕ್ಟರ್ ಹೆಂಡತಿಗೆ ಒಂದು ಮಾತು ಹೇಳಿದ್ದಾನೆ. ಟ್ರಾಯ್ ಒಂದು ದಿನ ಬೀಳುವುದು ಖಂಡಿತವೆಂದು ತನಗೆ ಗೊತ್ತು, ತಾಯಿತಂದೆಗಳ ಗತಿಗಾಗಲಿ, ತಮ್ಮಂದಿರ ಗತಿಗಾಗಲಿ ತಾನು ಅಷ್ಟು ಮರುಗುವುದಿಲ್ಲ, ಮರುಗುವುದು ಅವಳಿಗಾಗಿ. ಯಾರೋ ಗ್ರೀಕನೊಬ್ಬ ಅವಳನ್ನು ಎಳೆದೊಯ್ಯುವನು. ಪರದೇಶದಲ್ಲಿ ಮತ್ತೊಬ್ಬಳ ಮಗ್ಗದಲ್ಲಿ ಅವಳು ನೇಯಬೇಕಾಗುವುದು. ಮತ್ತೊಬ್ಬರ ಮನೆಗೆ ಬುಗ್ಗೆಯಿಂದ ನೀರು ಹೊರಬೇಕಾಗುವುದು. ಆಗ ಯಾರೋ ದಾರಿಹೋಕ ಅವಳ ಕಣ್ಣೀರನ್ನು ಕಂಡು, ಇವಳೇ ಅಲ್ಲವೇ ಆ ಹೆಕ್ಟರನ ಹೆಂಡತಿ, ಎಂದಾನು. ಆ ಕೂಗು ಕಿವಿಗೆ ಬೀಳುವ ಮೊದಲೇ ತಾನು ಮಣ್ಣಿನಡಿಯಲ್ಲಿರಬೇಕು ಎಂಬುದು ಹೆಕ್ಟರನ ಹಾರೈಕೆ.

ಇಲ್ಲಿ ಗಮನಿಸಬೇಕಾದದ್ದೊಂದಿದೆ. ನೀರು ಹೊರುವ ಆ ದೃಶ್ಯ ‘ಇಲಿಯಡ್’ನಲ್ಲಿ ಎಲ್ಲಿಯೂ ನಡೆಯುವುದಿಲ್ಲ. ಅದು ಗಂಡನೊಬ್ಬನ ಭಯದೊಳಗೆ ಮಾತ್ರ ಇರುವ ದೃಶ್ಯ. ಹೋಮರ್ ಆರಿಸಿದ ಎರಡು ಕೆಲಸಗಳೂ ಬೇಕೆಂದೇ ಆರಿಸಿದಂತಿವೆ. ಮುಂದೆ ಇಪ್ಪತ್ತೆರಡನೆಯ ಸರ್ಗದಲ್ಲಿ ಹೆಕ್ಟರ್ ಸತ್ತುಬಿದ್ದಾಗ ಆಂಡ್ರೊಮಾಕಿಗೆ ಇನ್ನೂ ಸುದ್ದಿ ಮುಟ್ಟಿಲ್ಲ. ಅವಳು ತನ್ನ ಮನೆಯಲ್ಲಿ ತನ್ನದೇ ಮಗ್ಗದ ಮುಂದೆ ಕುಳಿತು ಹೂವಿನ ಬುಟ್ಟೆಯ ಬಟ್ಟೆ ನೇಯುತ್ತಿದ್ದಾಳೆ. ಗಂಡ ದಣಿದು ಬಂದಾನೆಂದು ಸ್ನಾನಕ್ಕೆ ನೀರು ಕಾಯಿಸಿಡಲು ದಾಸಿಯರಿಗೆ ಹೇಳಿದ್ದಾಳೆ. ಹೊರಗೆ ಗೋಳು ಕೇಳಿಸುತ್ತದೆ. ಕೈಯಿಂದ ಲಾಳಿ ಜಾರಿ ಬೀಳುತ್ತದೆ. ಮಗ್ಗ, ನೀರು! ತನ್ನ ಮನೆಯ ಈ ಎರಡೇ ಕೆಲಸಗಳು ಪರರ ಮನೆಯ ಊಳಿಗವಾಗಿ ಅವಳನ್ನು ಕಾದಿವೆ. ಹೋಮರನ ಅನಂತರದ ಕವಿಗಳು ಕಥೆಯನ್ನು ಮುಗಿಸಿದರು: ಮಗುವನ್ನು ಗ್ರೀಕರು ಕೋಟೆಯ ಗೋಡೆಯಿಂದ ಕೆಳಗೆಸೆದರು, ಆಂಡ್ರೊಮಾಕಿ ಅಕಿಲೀಸನ ಮಗನ ಪಾಲಿಗೆ ಬಂದಳು. ತನ್ನ ಗಂಡನನ್ನು ಕೊಂದವನ ಮಗನ ಪಾಲಿಗೆ! ರಾಘವಾಂಕನ ಚಂದ್ರಮತಿಯನ್ನು ಬಲ್ಲ ನಮಗೆ, ರಾಣಿಯೊಬ್ಬಳು ಪರರ ಮನೆಯ ತೊತ್ತಾಗುವುದೆಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಚಂದ್ರಮತಿಗೆ ಕಡೆಯಲ್ಲಿ ಮಗ ಬದುಕಿ ಬಂದ, ರಾಜ್ಯವೂ ಬಂದಿತು. ಗ್ರೀಕ್ ಕಥೆಯಲ್ಲಿ ಅಂಥ ವಿಶ್ವಾಮಿತ್ರನಿಲ್ಲ.

ಲೇಟನ್ ಆರಿಸಿಕೊಂಡದ್ದು ಆ ನಡೆಯದ ದೃಶ್ಯವನ್ನು. ಸುಮಾರು 13 ಅಡಿ ಅಗಲ, ಆರೂವರೆ ಅಡಿ ಎತ್ತರದ ಚಿತ್ರ. ನೀರಿನ ಬುಗ್ಗೆಯ ಬಳಿ ಹೆಂಗಸರ ಸಾಲು. ಕೊಡ ಹೊತ್ತವರು, ತುಂಬಿಸುವವರು, ಸರದಿಗಾಗಿ ಕಾದು ನಿಂತವರು. ನಮ್ಮ ಯಾವುದೇ ಊರಿನ ನಲ್ಲಿಯ ಮುಂದೆ ಬೆಳಗ್ಗೆ ಐದು ಗಂಟೆಗೆ ಕಾಣುವ ನೋಟವೇ, ಜಗಳವೊಂದನ್ನು ಬಿಟ್ಟು. ಎಲ್ಲರ ಉಡುಪೂ ಬಣ್ಣಬಣ್ಣದ್ದು. ನಡುವೆ ಒಬ್ಬಳು ಮಾತ್ರ ಕಪ್ಪುಟ್ಟು ತಲೆತಗ್ಗಿಸಿ ನಿಂತಿದ್ದಾಳೆ. ಅವಳ ಸುತ್ತ ಬೇರೆ ಯಾರೂ ತುಂಬಲಾರದ ಒಂದಿಷ್ಟು ಬರಿದಾದ ಜಾಗ. ಮುಂಭಾಗದಲ್ಲಿ ಬಲಗಡೆಗೆ ಎಳೆಯ ದಂಪತಿಗಳಿಬ್ಬರು ಕೂಸನ್ನು ಮುದ್ದಾಡುತ್ತಿದ್ದಾರೆ. ಶಿರಸ್ತ್ರಾಣ ತೆಗೆದಿಟ್ಟು ಮಗುವನ್ನೆತ್ತಿಕೊಂಡ ಹೆಕ್ಟರ್ ನೆನಪಿಗೆ ಬಾರದೆ ಇರಲು ಸಾಧ್ಯವೇ? ಅಕಾಡೆಮಿಯ ಪ್ರದರ್ಶನದ ಪಟ್ಟಿಯಲ್ಲಿ ಚಿತ್ರದ ಹೆಸರಿನ ಜೊತೆಗೆ ಹೋಮರನ ಆ ಸಾಲುಗಳ ಇಂಗ್ಲಿಷ್ ಅನುವಾದವೂ ಅಚ್ಚಾಗಿತ್ತು. ಅನುವಾದ ಎಲಿಜಬೆತ್ ಬ್ಯಾರೆಟ್ ಬ್ರೌನಿಂಗಳದು. 1861ರಲ್ಲಿ ಫ್ಲಾರೆನ್ಸ್ ನಗರದಲ್ಲಿ ಆ ಕವಯಿತ್ರಿ ತೀರಿಕೊಂಡಾಗ ಅವಳ ಸಮಾಧಿಯನ್ನು ರೂಪಿಸಿಕೊಟ್ಟವನು ಇದೇ ಲೇಟನ್.

ಈ ಲೇಟನ್ ಎಂಥವನು? ಹುಟ್ಟಿದ್ದು 1830ರಲ್ಲಿ, ಇಂಗ್ಲೆಂಡಿನ ಕಡಲತೀರದ ಸ್ಕಾರ್ಬರೊ ಎಂಬ ಊರಿನಲ್ಲಿ. ಬೆಳೆದದ್ದು, ಕಲಿತದ್ದು ಜರ್ಮನಿ, ಇಟಲಿ, ಫ್ರಾನ್ಸುಗಳಲ್ಲಿ. 1855ರಲ್ಲಿ ಅವನ ಮೊದಲ ದೊಡ್ಡ ಚಿತ್ರವನ್ನು ವಿಕ್ಟೋರಿಯ ರಾಣಿ ತಾನೇ ಕೊಂಡುಕೊಂಡಳು. 1878ರಲ್ಲಿ ರಾಯಲ್ ಅಕಾಡೆಮಿಯ ಅಧ್ಯಕ್ಷ. ಅದೇ ವರ್ಷ ‘ಸರ್’ ಪದವಿ. ಮದುವೆಯಾಗಲಿಲ್ಲ. ಹಾಲೆಂಡ್ ಪಾರ್ಕ್ ರಸ್ತೆಯಲ್ಲಿ ಅವನು ಕಟ್ಟಿಸಿದ ಮನೆ ಲಂಡನ್ನಿಗೇ ಒಂದು ನೋಟ. ದಮಾಸ್ಕಸ್ಸಿನಿಂದ ತರಿಸಿದ ನೀಲಿ ಹೆಂಚುಗಳನ್ನು ಗೋಡೆಗೆ ಹೊದಿಸಿ, ನಡುವೆ ಕಾರಂಜಿಯಿಟ್ಟ ‘ಅರಬ್ಬೀ ಹಜಾರ’ ಕೆಳಗೆ. ಮೇಲಂತಸ್ತಿನಲ್ಲಿ ಉತ್ತರದ ಬೆಳಕು ಬೀಳುವ ವಿಶಾಲವಾದ ಚಿತ್ರಶಾಲೆ. ಅಷ್ಟು ದೊಡ್ಡ ಮನೆಯಲ್ಲಿ ಯಜಮಾನನ ಮಲಗುವ ಕೋಣೆ ಒಂದೇ, ಅದೂ ಸಂನ್ಯಾಸಿಯ ಕೋಣೆಯ ಹಾಗೆ ಸಾದಾ. ಇನ್ನೊಂದು ವಿಶೇಷ: ಅತಿಥಿಗಳು ಏರುವ ಮೆಟ್ಟಿಲು ಬೇರೆ, ಚಿತ್ರಕ್ಕೆ ರೂಪದರ್ಶಿಗಳಾಗಿ ನಿಲ್ಲಲು ಬರುವ ಹೆಂಗಸರು ಗಂಡಸರು ಏರಿ ಬರುವ ಮೆಟ್ಟಿಲು ಬೇರೆ. ದೇವತೆಯಾಗಿ, ರಾಣಿಯಾಗಿ ನಿಲ್ಲಬೇಕಾದವಳು ಹಿಂದಣ ಮೆಟ್ಟಿಲಿನಿಂದ ಬರಬೇಕು. ಶಿಷ್ಟಾಚಾರವೆಂದರೆ ಅದು!

ಲೇಟನ್ನನ ಕೆಲಸದ ಕ್ರಮವಾದರೋ ನಮ್ಮ ಅಜ್ಜಿಯಂದಿರ ಮಡಿಗಿಂತ ಕಟ್ಟುನಿಟ್ಟು. ಮೊದಲು ಒಟ್ಟು ಚಿತ್ರದ ಒಂದು ಪುಟ್ಟ ಕರಡು. ಆಮೇಲೆ ಪ್ರತಿಯೊಂದು ಆಕೃತಿಗೂ ರೂಪದರ್ಶಿಯನ್ನು ನಿಲ್ಲಿಸಿ ಬರಿಮೈಯ ರೇಖಾಚಿತ್ರ. ಬಟ್ಟೆಯೊಳಗಿನ ಮೈ ಸರಿಯಾಗಿ ನಿಲ್ಲದೆ ಬಟ್ಟೆ ಸರಿಯಾಗಿ ಬೀಳದು ಎಂಬುದು ಅವನ ನಂಬಿಕೆ. ಅನಂತರ ಅದೇ ಭಂಗಿಯಲ್ಲಿ ರೂಪದರ್ಶಿಗೆ ಬಟ್ಟೆ ಹೊದಿಸಿ, ಮಡಿಕೆಗಳನ್ನು ಒಂದೊಂದಾಗಿ ಬೆರಳಿನಿಂದ ತಿದ್ದಿ, ಕಂದು ಕಾಗದದ ಮೇಲೆ ಕಪ್ಪು ಬಿಳಿ ಸೀಮೆಸುಣ್ಣದಲ್ಲಿ ಬಟ್ಟೆಯ ರೇಖಾಚಿತ್ರ. ಅದರ ಜೊತೆಗೆ ಬಣ್ಣದ ಹೊಂದಿಕೆಯನ್ನು ನೋಡಿಕೊಳ್ಳಲು ಒಂದು ಸಣ್ಣ ಎಣ್ಣೆಚಿತ್ರ. ಇದಿಷ್ಟೂ ಆದಮೇಲೆ ದೊಡ್ಡ ಕ್ಯಾನ್‌ವಾಸಿನ ಸರದಿ. ಅಲ್ಲಿಯೂ ನೇರವಾಗಿ ಉಡುಪಿಲ್ಲ. ಮತ್ತೆ ಬರಿಮೈಯನ್ನು ಒಂದೇ ಬಣ್ಣದಲ್ಲಿ ಪೂರ್ತಿಯಾಗಿ ಬರೆದು, ಅದರ ಮೇಲೆ ಬಟ್ಟೆಯನ್ನು ಬರೆಯುವುದು. ಎಂದರೆ ಆಂಡ್ರೊಮಾಕಿಯ ಕಪ್ಪು ವಸ್ತ್ರದ ಬಣ್ಣದಡಿಯಲ್ಲಿ, ಇನ್ನಾರೂ ನೋಡಲಾಗದ ಹಾಗೆ, ಒಂದು ಜೀವಂತ ಮೈ ಮುಚ್ಚಿಹೋಗಿದೆ.

ಕಾಗದ ಕಂದು ಬಣ್ಣದ್ದೇ ಏಕಾಗಬೇಕು? ಬಿಳಿಯ ಕಾಗದದ ಮೇಲೆ ಬರೆಯುವವನು ನೆರಳನ್ನು ಮಾತ್ರ ಬರೆಯಬಲ್ಲ, ಬೆಳಕು ಕಾಗದದ್ದೇ. ಕಂದು ಕಾಗದವಾದರೆ ನೆರಳೂ ಅಲ್ಲದ ಬೆಳಕೂ ಅಲ್ಲದ ನಡುವಣ ಪಾಲನ್ನು ಕಾಗದವೇ ನೋಡಿಕೊಳ್ಳುತ್ತದೆ. ಕಪ್ಪಿನಿಂದ ಮಡಿಕೆಯ ಆಳವನ್ನು ತೆಗೆ, ಬಿಳಿಯಿಂದ ಮಡಿಕೆಯ ಏಣನ್ನು ಮುಟ್ಟು, ಮಿಕ್ಕದ್ದನ್ನು ಬಿಡು. ಕೆಲಸ ಬೇಗ ಆಗುತ್ತದೆ, ಬೇಗ ಆಗಲೇಬೇಕು. ಏಕೆಂದರೆ ಹೊದಿಸಿದ ಬಟ್ಟೆ ಶಿಲ್ಪದ ಹಾಗೆ ನಿಲ್ಲುವುದಿಲ್ಲ. ನಿಂತವಳು ದಣಿದು ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸಿದಳೋ, ಅರ್ಧ ಗಂಟೆ ಕಷ್ಟಪಟ್ಟು ಜೋಡಿಸಿದ ಮಡಿಕೆಗಳೆಲ್ಲ ಸುಳ್ಳು. ಹೀಗಾಗಿ ಆ ಹಾಳೆಗಳಲ್ಲಿ ಒಂದು ಆತುರವಿದೆ. ಲೇಟನ್ನನಂಥ ಮಹಾ ನಿಧಾನಸ್ಥನಲ್ಲಿ ಆತುರವನ್ನು ಕಾಣಬೇಕಾದರೆ ಸೀಮೆಸುಣ್ಣದ ಹಾಳೆಗಳನ್ನೇ ನೋಡಬೇಕು.

ಅವನ ಬಟ್ಟೆಯ ರೇಖಾಚಿತ್ರಗಳಲ್ಲಿ ಮುಖಕ್ಕೆ ಹೆಚ್ಚಾಗಿ ಬೆಲೆಯಿಲ್ಲ. ತಲೆಯ ಜಾಗದಲ್ಲಿ ಒಂದೆರಡು ಗೆರೆ, ಕಣ್ಣು ಮೂಗು ಬಾಯಿಗಳ ಸುದ್ದಿಯೇ ಇಲ್ಲ. ಕಾಲು ನೆಲಕ್ಕೆ ತಾಗುವಲ್ಲಿ ಇನ್ನೊಂದೆರಡು ಗೆರೆ. ನಡುವೆ ಇರುವುದೆಲ್ಲ ಭಾರ: ಹೆಗಲಿನಿಂದ ಇಳಿಬಿದ್ದ ಬಟ್ಟೆಯ ಭಾರ, ಅದನ್ನು ಹೊತ್ತ ಮೈಯ ಭಾರ. ಹೋಮರನ ಮಾತನ್ನು ಇಲ್ಲಿ ಇನ್ನೊಮ್ಮೆ ನೆನೆಯೋಣ. ಹೆಕ್ಟರ್ ಕಲ್ಪಿಸಿಕೊಂಡ ದಾರಿಹೋಕ ಅವಳ ಹೆಸರನ್ನು ಹೇಳುವುದಿಲ್ಲ. ಹೆಕ್ಟರನ ಹೆಂಡತಿ ಎನ್ನುತ್ತಾನೆ, ಅಷ್ಟೆ. ಹೆಸರು ಹೋಗಿದೆ, ಮಾತು ಹೋಗಿದೆ, ಉಳಿದಿರುವುದು ಹೊರಬೇಕಾದ ಭಾರ ಒಂದೇ. ಕಂದು ಕಾಗದದ ಮೇಲಿನ ಆ ಮುಖವಿಲ್ಲದ ಹೆಂಗಸು ಹೋಮರನ ಮಾತಿಗೆ ಎಷ್ಟು ಹತ್ತಿರದವಳು!

ದೊಡ್ಡ ಚಿತ್ರದ ಆಂಡ್ರೊಮಾಕಿಗೆ ಮುಖವಿದೆ, ಸುಂದರವಾದ ಮುಖ. ಚಿತ್ರದಲ್ಲಿರುವ ಎಲ್ಲರೂ ಸುಂದರರೇ. ಲೇಟನ್ನನ ಮೇಲೆ ನನ್ನ ತಕರಾರೇನಾದರೂ ಇದ್ದರೆ ಅದು ಇದೇ. ಅಳುವವರೂ ನಗುವವರೂ ಕೊಡ ಹೊರುವವರೂ ಒಂದೇ ಅಮೃತಶಿಲೆಯಿಂದ ಕಡೆದವರ ಹಾಗೆ ನುಣುಪಾಗಿದ್ದಾರೆ. ಶೋಕ ಒಂದು ಭಂಗಿಯಾಗಿಬಿಟ್ಟಿದೆ. ಅವನನ್ನು ಬರಿಯ ಅಲಂಕಾರಿಕನೆಂದು ಒಂದೇ ಮಾತಿಗೆ ತೆಗೆದುಹಾಕುವವರ ಪಂಗಡಕ್ಕೆ ನಾನು ಸೇರಿದವನಲ್ಲ. ಆ ಕಪ್ಪು ವಸ್ತ್ರದ ಸುತ್ತ ಅಷ್ಟು ಬರಿದನ್ನು ಬಿಟ್ಟವನಿಗೆ ಒಂಟಿತನವೆಂದರೆ ಗೊತ್ತಿತ್ತು. ಆದರೂ ಕರಡಿನಲ್ಲಿದ್ದ ಭಾರ ಬಣ್ಣಕ್ಕೆ ಬರುವ ಹೊತ್ತಿಗೆ ಹಗುರವಾಗಿದೆ. ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಪುರಾಣಸ್ತ್ರೀಯರ ಮುಂದೆ ನಿಂತವರಿಗೆ ಈ ಅನುಭವ ಹೊಸದಲ್ಲ: ಕಣ್ಣು ತಣಿಯುತ್ತದೆ, ಎದೆ ಕಾಯುತ್ತಲೇ ಇರುತ್ತದೆ.

ಆ ಕಾಲದಲ್ಲಿ ಲೇಟನ್ನನ ಮೆಚ್ಚಿನ ರೂಪದರ್ಶಿ ಡೊರತಿ ಡೀನ್ ಎಂಬವಳು. ಹುಟ್ಟುಹೆಸರು ಅಡಾ ಆಲಿಸ್ ಪುಲ್ಲನ್, 1859ರಲ್ಲಿ ಹುಟ್ಟಿದವಳು. ಬಡತನದಲ್ಲಿ ತಂಗಿಯರ ಹೊಣೆ ಹೊತ್ತವಳು, ತಂಗಿಯರೂ ಅವನ ಚಿತ್ರಗಳಿಗೆ ನಿಂತರು. ಈ ಚಿತ್ರದ ಮುಖದಲ್ಲಿಯೂ ಡೊರತಿಯನ್ನು ಕಾಣುವವರುಂಟು. ನಟಿಯಾಗಬೇಕೆಂಬುದು ಅವಳ ಹಂಬಲ. ಲೇಟನ್ ನೆರವಾದ, ರಂಗಕ್ಕೂ ಬಂದಳು, ದೊಡ್ಡ ಹೆಸರು ಬರಲಿಲ್ಲ. ಸಾಯುವಾಗ ಲೇಟನ್ ಅವಳಿಗೆ 5,000 ಪೌಂಡುಗಳನ್ನೂ ಅವಳ ತಂಗಿಯರಿಗಾಗಿ ಮತ್ತೆ 5,000 ಪೌಂಡುಗಳನ್ನೂ ಬಿಟ್ಟುಹೋದ. ಅಂದಿನ ಲೆಕ್ಕಕ್ಕೆ ಅದು ಭಾರಿ ಹಣ. ಊರು ಬಾಯಿಗೆ ಬಂದ ಹಾಗೆ ಆಡಿಕೊಂಡಿತು. ಆದರೆ ಅನುಭವಿಸಲು ಅವಳಿಗೆ ಆಯುಷ್ಯವಿರಲಿಲ್ಲ. 1899ರ ಡಿಸೆಂಬರಿನಲ್ಲಿ, ನಲವತ್ತರ ಆಸುಪಾಸಿನಲ್ಲೇ ತೀರಿಕೊಂಡಳು. ಇಂದು ಅವಳು ಉಳಿದಿರುವುದು ಗ್ರೀಕ್ ಹೆಸರುಗಳ ಮರೆಯಲ್ಲಿ.

ಒಂದು ಪ್ರಶ್ನೆ ನನ್ನನ್ನು ಬಿಡದೆ ಕಾಡುತ್ತದೆ. 1888ರ ಲಂಡನ್ನಿನ ಸಭ್ಯ ಜನ ಟೋಪಿ ತೆಗೆದು ನಿಂತು, ಸೋತ ನಗರದ ಸೆರೆಯ ರಾಣಿಗಾಗಿ ಮರುಗಿದರಷ್ಟೆ. ಅದೇ ವರ್ಷ ನಮ್ಮ ಕೊಂಕಣದ ಕರಾವಳಿಯ ರತ್ನಾಗಿರಿಯಲ್ಲಿ ನಿಜವಾದ ಸೆರೆಯ ರಾಣಿಯೊಬ್ಬಳಿದ್ದಳು. 1885ರಲ್ಲಿ ಬ್ರಿಟಿಷರು ಬರ್ಮಾ ದೇಶವನ್ನು ಗೆದ್ದು, ದೊರೆ ತೀಬಾ ಮತ್ತು ರಾಣಿ ಸುಪಯಾಲತ್ ಇಬ್ಬರನ್ನೂ ಮಾಂಡಲೆಯಿಂದ ಹಡಗಿಗೇರಿಸಿ ತಂದು ಅಲ್ಲಿಟ್ಟಿದ್ದರು. ಅದಕ್ಕೂ ಹಿಂದಿನ ಮಾತು ನಮ್ಮ ಕೊಡಗಿನದು. 1834ರಲ್ಲಿ ಪದಚ್ಯುತನಾದ ಚಿಕವೀರರಾಜೇಂದ್ರ ತನ್ನ ಮಗಳು ಗೌರಮ್ಮನನ್ನು ಇಂಗ್ಲೆಂಡಿಗೆ ಕರೆದೊಯ್ದ; 1852ರಲ್ಲಿ ಅವಳು ಕ್ರೈಸ್ತಳಾದಾಗ ವಿಕ್ಟೋರಿಯ ರಾಣಿಯೇ ಧರ್ಮಮಾತೆಯಾಗಿ ತನ್ನ ಹೆಸರನ್ನೂ ಕೊಟ್ಟಳು. 1864ರಲ್ಲಿ ಆ ಹುಡುಗಿ ಅಲ್ಲಿಯೇ ತೀರಿಕೊಂಡಳು. ಆಸ್ಥಾನದ ಚಿತ್ರಕಾರ ವಿಂಟರ್‌ಹಾಲ್ಟರ್ ಅವಳ ಚಿತ್ರವನ್ನೂ ಬರೆದಿದ್ದಾನೆ. ಒಡವೆ ವಸ್ತ್ರಗಳು ಚೆನ್ನಾಗಿ ಬಂದಿವೆ. ಲೇಟನ್ ಇವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದನೆಂದು ಹೇಳುವ ಸಾಹಸಕ್ಕೆ ನಾನು ಇಳಿಯುವುದಿಲ್ಲ. ಆದರೆ ಗೆದ್ದವರಿಗೆ ಮೂರು ಸಾವಿರ ವರ್ಷದ ಹಿಂದಿನ ಸೆರೆಯಾಳಿಗಾಗಿ ಕಣ್ಣೀರಿಡುವುದು ಎಷ್ಟು ಸುಲಭ ನೋಡಿ. ಮಗ್ಗುಲಲ್ಲಿರುವವಳು ಕಾಣುವುದೇ ಇಲ್ಲ.

ಚಿತ್ರ ಲಂಡನ್ನಿನಲ್ಲಿ ನಿಲ್ಲಲಿಲ್ಲ. 1889ರಲ್ಲಿ ಅದನ್ನು ಮ್ಯಾಂಚೆಸ್ಟರ್ ನಗರದ ಕಲಾಶಾಲೆ ಕೊಂಡುಕೊಂಡಿತು. ಮ್ಯಾಂಚೆಸ್ಟರ್ ಎಂದರೆ ಹತ್ತಿ; ಹತ್ತಿ ಎಂದರೆ ಮಗ್ಗ. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧದಿಂದಾಗಿ ಅಲ್ಲಿನ ಹತ್ತಿ ನಿಂತುಹೋದಾಗ ಆ ಗಿರಣಿಗಳ ಕಣ್ಣು ನಮ್ಮ ಧಾರವಾಡದ ಸೀಮೆಯ ಎರೆಹೊಲಗಳ ಮೇಲೂ ಬಿದ್ದಿತ್ತು. ಹತ್ತಿಯನ್ನು ಸಾಗಿಸಲು ಕಾರವಾರದಲ್ಲಿ ಬಂದರು ಬೇಕೆಂದು ಮ್ಯಾಂಚೆಸ್ಟರಿನ ವರ್ತಕರು ಸರ್ಕಾರದ ಬೆನ್ನುಹತ್ತಿದ್ದರು. ಆ ಪ್ರಾಂತದ ನೇಯ್ಗೆಯ ಗಿರಣಿಗಳಲ್ಲಿ ಕೆಲಸ ಮಾಡುವವರಲ್ಲಿ ಹೆಂಗಸರೇ ಬಹಳ. ಪರರ ಮಗ್ಗದಲ್ಲಿ ನೇಯುವವಳ ಚಿತ್ರ, ಪರರ ಮಗ್ಗದಲ್ಲಿ ನೇಯುವ ಸಾವಿರಾರು ಹೆಂಗಸರ ಸೀಮೆಗೇ ಬಂದು ಸೇರಿತು.

ಅದೇ ಊರಿನಲ್ಲಿ 1903ರಲ್ಲಿ ಎಮೆಲಿನ್ ಪ್ಯಾಂಕ್‌ಹರ್ಸ್ಟ್ ಎಂಬಾಕೆ ಹೆಂಗಸರಿಗೆ ಮತದಾನದ ಹಕ್ಕು ಬೇಕೆಂದು ಸಂಘ ಕಟ್ಟಿದಳು. ಬೇಡಿಕೆ, ಮೆರವಣಿಗೆಗಳಿಂದ ಏನೂ ಆಗದಿದ್ದಾಗ ಸಂಘದವರು ಕಿಟಕಿಗೆ ಕಲ್ಲೆಸೆದರು, ಬೆಂಕಿಯನ್ನೂ ಇಟ್ಟರು. 1913ರ ಏಪ್ರಿಲ್ ಆರಂಭದಲ್ಲಿ ಪ್ಯಾಂಕ್‌ಹರ್ಸ್ಟಳಿಗೆ ಮೂರು ವರ್ಷದ ಕಠಿಣ ಶಿಕ್ಷೆಯಾಯಿತು. ಸುದ್ದಿಯ ಬಿಸಿ ಆರುವ ಮುನ್ನವೇ ಮ್ಯಾಂಚೆಸ್ಟರಿನ ಕಲಾಶಾಲೆಯಲ್ಲಿ, ಬಾಗಿಲು ಹಾಕುವ ಹೊತ್ತಿಗೆ, ಗಾಜು ಒಡೆಯುವ ಸದ್ದು ಕೇಳಿಸಿತು. ಲಿಲಿಯನ್ ಫಾರೆಸ್ಟರ್, ಎವೆಲಿನ್ ಮನೆಸ್ಟಾ, ಆನಿ ಬ್ರಿಗ್ಸ್ ಎಂಬ ಮೂವರು ಸಿಕ್ಕಿಬಿದ್ದರು. ಹನ್ನೆರಡಕ್ಕೂ ಹೆಚ್ಚು ಚಿತ್ರಗಳ ಗಾಜು ಸುತ್ತಿಗೆಯ ಪೆಟ್ಟಿಗೆ ಪುಡಿಯಾಗಿತ್ತು. ಅವುಗಳಲ್ಲಿ ರೊಸೆಟ್ಟಿಯದಿತ್ತು, ವಾಟ್ಸ್‌ನದಿತ್ತು. ಲೇಟನ್ನನ ‘ಸೆರೆಯಾದ ಆಂಡ್ರೊಮಾಕಿ’ಯೂ ಇತ್ತು. ಫಾರೆಸ್ಟರಳಿಗೆ ಮೂರು ತಿಂಗಳು, ಮನೆಸ್ಟಾಳಿಗೆ ಒಂದು ತಿಂಗಳು ಸೆರೆ, ಬ್ರಿಗ್ಸ್ ಬಿಡುಗಡೆಯಾದಳು. ಆಂಡ್ರೊಮಾಕಿಯ ಗಾಜಿಗೆ ಸುತ್ತಿಗೆ ಬೀಸುವಾಗ ಚೌಕಟ್ಟಿನೊಳಗೆ ಯಾರಿದ್ದಾಳೆಂದು ಅವರು ನೋಡಿದರೋ, ಎದುರಿಗೆ ಬಂದದ್ದಕ್ಕೆಲ್ಲ ಬೀಸಿದರೋ! ಸೆರೆಯ ಹೆಂಗಸಿನ ಚಂದವನ್ನು ಮೆಚ್ಚಿ ಮನೆಗೆ ಹೋಗುವ ಜನರಿಗೆ ಕೊಟ್ಟ ಮಾರುತ್ತರವೆಂದು ಮಾತ್ರ ಆ ಸದ್ದು ಇಂದಿಗೂ ನನಗೆ ಕೇಳಿಸುತ್ತದೆ.

ಮುಂದಿನದು ಇನ್ನೂ ವಿಚಿತ್ರ. ಇಂಥ ಹೆಂಗಸರನ್ನು ಕಲಾಶಾಲೆಗಳ ಕಾವಲುಗಾರರು ಗುರುತು ಹಿಡಿಯಲೆಂದು ಸರ್ಕಾರ ಸೆರೆಮನೆಯಲ್ಲಿ ಅವರ ಫೋಟೋ ತೆಗೆಸಿ ಹಂಚಿತು. ಮನೆಸ್ಟಾ ಕ್ಯಾಮೆರಾದ ಮುಂದೆ ನೆಟ್ಟಗೆ ನಿಲ್ಲಲು ಒಪ್ಪಲಿಲ್ಲ. ಕಾವಲಿನವರು ಹಿಂದಿನಿಂದ ಕುತ್ತಿಗೆಯ ಸುತ್ತ ತೋಳುಹಾಕಿ ಅವಳನ್ನು ಹಿಡಿದುಕೊಂಡರು, ಫೋಟೋ ಬಂತು. ಹಂಚುವ ಪ್ರತಿಯಲ್ಲಿ ಆ ತೋಳು ಇರಬಾರದೆಂದು ಅದನ್ನು ತಿದ್ದಿ ಅಳಿಸಿ, ಕುತ್ತಿಗೆಗೆ ವಸ್ತ್ರ ಸುತ್ತಿಕೊಂಡಂತೆ ಕಾಣುವ ಹಾಗೆ ಮಾಡಿದರು. ಅಳಿಸದ ಪ್ರತಿಯೂ ಉಳಿದುಬಂದಿದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ ಕರಡಿನ ಬೆಲೆ ಏನೆಂದು ನಾನು ಬೇರೆ ಹೇಳಬೇಕಾಗಿಲ್ಲ. ಇಂಗ್ಲೆಂಡಿನಲ್ಲಿ ಹೆಂಗಸರಿಗೆ ಮತದ ಹಕ್ಕು ಬಂದದ್ದು 1918ರಲ್ಲಿ, ಅದೂ ಮೂವತ್ತು ದಾಟಿದ ಕೆಲವರಿಗೆ; ಗಂಡಸರ ಸಮಕ್ಕೆ ಬಂದದ್ದು 1928ರಲ್ಲಿ.

ಲೇಟನ್ ಇದಾವುದನ್ನೂ ನೋಡಲಿಲ್ಲ. 1896ರ ಜನವರಿ 24ರಂದು ಅವನಿಗೆ ಪ್ರಭುಪದವಿ ದೊರೆಯಿತು. ಮರುದಿನವೇ ಹೃದಯರೋಗದಿಂದ ತೀರಿಕೊಂಡ. ಇಂಗ್ಲೆಂಡಿನ ಚರಿತ್ರೆಯಲ್ಲಿ ಅಷ್ಟು ಅಲ್ಪಾಯುಷಿಯಾದ ಪ್ರಭುತ್ವ ಇನ್ನೊಂದಿಲ್ಲವಂತೆ. ಆ ವರ್ಷವೇ ಅವನ ಮನೆಯ ಸಾಮಾನು ಹರಾಜಾಯಿತು. ರೇಖಾಚಿತ್ರಗಳು ಹಲವು ಕೈಗಳಿಗೆ ಹೋದವು. ಇಪ್ಪತ್ತನೆಯ ಶತಮಾನದ ರುಚಿ ಬದಲಾಗಿ, ಅವನ ದೊಡ್ಡ ಚಿತ್ರಗಳನ್ನೇ ಕೇಳುವವರಿಲ್ಲದ ಕಾಲವೂ ಬಂದಿತು. ಅವನ ಕಡೆಯ ದಿನಗಳ ಪ್ರಸಿದ್ಧ ಚಿತ್ರ ‘ಫ್ಲೇಮಿಂಗ್ ಜೂನ್’ 1963ರಲ್ಲಿ ಸುಮಾರು 2,000 ಪೌಂಡಿಗೆ ಅಟ್ಲಾಂಟಿಕ್ ದಾಟಿ ಪೋರ್ಟೊ ರಿಕೊ ದ್ವೀಪವನ್ನು ಸೇರಿತು. ಅದೇ ಚಿತ್ರದ ತಲೆಗಾಗಿ ಅವನು ಬರೆದುಕೊಂಡಿದ್ದ ಪೆನ್ಸಿಲ್ ಮತ್ತು ಸೀಮೆಸುಣ್ಣದ ಕರಡು 1895ರ ಒಂದು ಮಾಸಪತ್ರಿಕೆಯ ಪುಟದಲ್ಲಿ ಮಾತ್ರ ಉಳಿದಿದೆಯೆಂದು ಎಲ್ಲರೂ ತಿಳಿದಿದ್ದರು. 2015ರಲ್ಲಿ ಸರ್ರಿ ಪ್ರಾಂತದ ಹಳೆಯ ಬಂಗಲೆಯೊಂದರಲ್ಲಿ, ಮಲಗುವ ಕೋಣೆಯ ಬಾಗಿಲ ಹಿಂದೆ ತೂಗುಹಾಕಿದ್ದ ಸ್ಥಿತಿಯಲ್ಲಿ ಅದು ಸಿಕ್ಕಿತು. ಬಾಗಿಲು ತೆರೆದಾಗಲೆಲ್ಲ ಮರೆಯಾಗುವ ಜಾಗ! ಹರಾಜಿನಲ್ಲಿ 1,67,000 ಪೌಂಡು ತಂದಿತು.

ಲೇಟನ್ನನ ಮನೆ ಈಗ ವಸ್ತುಸಂಗ್ರಹಾಲಯ. ಚದರಿಹೋಗಿದ್ದ ಅವನ ರೇಖಾಚಿತ್ರಗಳು ನೂರಾರು ಸಂಖ್ಯೆಯಲ್ಲಿ ಅಲ್ಲಿ ಮತ್ತೆ ಕೂಡಿಕೊಂಡಿವೆ. ಅವುಗಳಲ್ಲಿ ಆಂಡ್ರೊಮಾಕಿಯ ಸುತ್ತ ನೀರಿಗೆ ನಿಂತ ಹೆಂಗಸರೂ ಇದ್ದಾರೆ. ಇಂಥ ಹಾಳೆಗಳನ್ನು ಸದಾ ಗೋಡೆಗೆ ತೂಗುಹಾಕುವಂತಿಲ್ಲ. ಬೆಳಕಿಗೆ ಕಂದು ಕಾಗದ ಇನ್ನಷ್ಟು ಕಪ್ಪಾಗುತ್ತದೆ, ಸಿಡುಕಾಗಿ ಮುರಿಯುತ್ತದೆ. ಕಾಗದ ಕಪ್ಪಾದರೆ ನೆರಳಿನ ಗೆರೆ ಅದರೊಳಗೆ ಮುಳುಗಿ, ಬಿಳಿಯ ಗೆರೆಯೊಂದೇ ಎದ್ದು ನಿಲ್ಲುತ್ತದೆ. ತೋಳು ತಗುಲಿದರೆ ಸೀಮೆಸುಣ್ಣ ಪುಡಿಯಾಗಿ ಉದುರುತ್ತದೆ, ನಮ್ಮ ಮೇಷ್ಟರ ಕೋಟಿನ ಮೇಲೆ ಉದುರುತ್ತಿದ್ದ ಹಾಗೆಯೇ. ಆದಕಾರಣ ಮಂದ ಬೆಳಕಿನಲ್ಲಿ ಕೆಲವು ಕಾಲ ಹೊರಗಿಟ್ಟು, ಮತ್ತೆ ತೆಗೆದು, ಪೆಟ್ಟಿಗೆಯ ಕತ್ತಲಲ್ಲಿ ಒಂದರ ಮೇಲೊಂದು ಮಲಗಿಸುತ್ತಾರೆ.